ರದ್ದು ಮಾಡಲು ಅರವತ್ತು ಪರವಾನಗಿ

ಶಾರ್ಷೆನ್ ಸುಳ್ಳುಗಾರನಲ್ಲ. ಹುಳಿ ಬರಿಸಿದ ಕುದುರೆ ಹಾಲಿನ ಮದ್ಯ, ಕುಮಿಸ್, ಮೂರನೆಯ ಬಟ್ಟಲು ದಾಟಿದ ಮೇಲೆ ಅವನ ಬಾಯಿಂದ ಹೊರಡುವ ನಿಜ ಸ್ವಲ್ಪ ಉಬ್ಬಿಕೊಂಡು ಹೊರಡುತ್ತಿತ್ತು, ಅಷ್ಟೆ. ಮಗಳು ಮೀರಿಮ್‌ಳ ಸಂಬಂಧ ಮಾತಾಡಲು ಗಂಡಿನ ತಂದೆ ಓರೋಜ್ ಪಕ್ಕದ ಜಿಲ್ಲೆಯಿಂದ ಬಂದ ದಿನ ಬಟ್ಟಲು ನಾಲ್ಕಾಗಿತ್ತು.

"ಬೀಗರಿಗೆ ಏನು ಕೆಲಸ?" ಎಂದು ಓರೋಜ್ ಕೇಳಿದ.

ಉಚ್-ಕಾಯಿನ್ ಜಿಲ್ಲಾ ಕಚೇರಿಯಲ್ಲಿ ಪರವಾನಗಿ ಗುಮಾಸ್ತ ಎಂದಿದ್ದರೆ ಮುಗಿದುಹೋಗುತ್ತಿತ್ತು. ಶಾರ್ಷೆನ್ ಮೀಸೆ ಸವರಿಕೊಂಡು, "ಈ ಜಿಲ್ಲೆಯಲ್ಲಿ ನನ್ನ ಮೊಹರು ಬೀಳದೆ ಒಂದು ಕುರೀನೂ ಆ ಕಡೆಯಿಂದ ಈ ಕಡೆ ಹೋಗಲ್ಲ" ಅಂದುಬಿಟ್ಟ. ಕುರಿಮಂದೆಯನ್ನು ಕಣಿವೆ ದಾಟಿಸುವ ಪರವಾನಗಿ ಅವನ ಮೇಜಿಗೇ ಬರುತ್ತಿದ್ದುದರಿಂದ ಇದು ಪೂರ್ತಿ ಸುಳ್ಳೂ ಅಲ್ಲ. ಆದರೆ ಓರೋಜ್ ತನ್ನ ಹೆಂಡತಿಯ ಕಡೆ ತಿರುಗಿ ಹುಬ್ಬೇರಿಸಿದ. ಅಲ್ಲೇ ಓಲೆ ಶಾಸ್ತ್ರಕ್ಕೆ ದಿನ ಗೊತ್ತಾಯಿತು: ಮುಂದಿನ ತಿಂಗಳ ಎರಡನೇ ಭಾನುವಾರ. ಗಂಡಿನ ಕಡೆಯವರು ಬಂದು ಹುಡುಗಿಯ ಕಿವಿಗೆ ಓಲೆ ಹಾಕಿದರೆ ಸಂಬಂಧ ಗಟ್ಟಿ, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಹಾಕುವ ತನಕ ಯಾರು ಬೇಕಾದರೂ ಸರಿಯಬಹುದು.

"ರೀ, ಓಲೆ ಬೀಳೋವರೆಗೂ ನೀವು ಮಾಡಬೇಕಾದ್ದು ಒಂದೇ," ಎಂದಳು ಹೆಂಡತಿ ಕಾಲಿಚಾ. "ಬಾಯಿ ಮುಚ್ಕೊಂಡು ಆ ಕುರ್ಚಿ ಮೇಲೆ ಕೂತಿರೋದು. ಮೂವತ್ತು ವರ್ಷ ಕೂತಿದ್ದೀರಿ, ಇನ್ನೊಂದು ತಿಂಗಳು ಕೂರಕ್ಕಾಗಲ್ವಾ?"

ಆಗುತ್ತಿತ್ತು. ಆದರೆ ಅಷ್ಟರಲ್ಲಿ ದೇಶದಲ್ಲಿ ಸುಧಾರಣೆ ಶುರುವಾಯಿತು.

ಸೋವಿಯತ್ ಒಕ್ಕೂಟ ಮುಗಿದು ಎಂಟು ವರ್ಷವಾಗಿತ್ತು. ರಾಜಧಾನಿ ಬಿಷ್ಕೆಕ್‌ನಲ್ಲಿ ಓದಿಕೊಂಡ ಹೊಸಬರು ಕೆಲವರು ಸೇರಿ, ಆರ್ಥಿಕ ನೀತಿಯನ್ನು ಇನ್ನು ಮೇಲಿನಿಂದ ಹೇರುವುದು ಬೇಡ, ಕೆಳಗಿನವರನ್ನು ಕೇಳಿ ಮಾಡೋಣ ಎಂದು ತೀರ್ಮಾನಿಸಿದ್ದರು. ಮೊದಲ ಹೆಜ್ಜೆಯಾಗಿ ಪ್ರತಿ ಜಿಲ್ಲೆಗೂ ಒಂದು ಹಾಳೆ ಬಂತು. ನಿಮ್ಮಲ್ಲಿ ಜನರ ಕೆಲಸಕ್ಕೆ ಅಡ್ಡ ಬರುವ ಪರವಾನಗಿಗಳು ಯಾವುವು, ಬರೆದು ಕಳಿಸಿ, ರದ್ದು ಮಾಡೋಣ ಎಂದು ಅದರಲ್ಲಿತ್ತು. ಪಾಪ, ಮಗುವಿಗೂ ಅರ್ಥವಾಗುವ ಪ್ರಶ್ನೆ.

ಜಿಲ್ಲೆಯ ಮುಖ್ಯಸ್ಥರು, ಎಂದರೆ ಅಕೀಮರು, ತಾಷ್ತಾನ್‌ಬೆಕ್. ಇಪ್ಪತ್ತು ವರ್ಷ ಸರ್ಕಾರಿ ಇಟ್ಟಿಗೆ ಕಾರ್ಖಾನೆ ನಡೆಸಿದವರು. ಮೇಲಿನಿಂದ ಬಂದ ಯಾವ ಕಾಗದದಲ್ಲೂ ಅವರ ಕಣ್ಣು ಹುಡುಕುತ್ತಿದ್ದುದು ಒಂದನ್ನೇ, ಗುರಿ ಎಷ್ಟು ಎಂಬುದನ್ನು. ಈ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿದರು, ಬೆಳಕಿಗೆ ಹಿಡಿದರು. ಸಂಖ್ಯೆ ಇರಲಿಲ್ಲ. ಸಂಖ್ಯೆ ಬರೆದಿಲ್ಲವೆಂದರೆ ನಮ್ಮ ನಿಷ್ಠೆಯನ್ನು ಪರೀಕ್ಷಿಸುತ್ತಿದ್ದಾರೆ ಎಂದೇ ಅವರು ತಿಳಿದರು. ಪ್ರಾಂತ್ಯದ ಸಭೆಯಲ್ಲಿ ಬೇರೊಂದು ಜಿಲ್ಲೆಯ ಅಕೀಮ ಎದ್ದು ನಿಂತು, "ನಾವು ನಲವತ್ತು ಪರವಾನಗಿ ರದ್ದು ಮಾಡುತ್ತೇವೆ" ಎಂದು ಘೋಷಿಸಿದ. ನಮ್ಮವರಿಗೆ ತಡೆಯಲಾಗಲಿಲ್ಲ. "ಉಚ್-ಕಾಯಿನ್ ಅರವತ್ತು!" ಎಂದರು. ಸಭೆ ಚಪ್ಪಾಳೆ ತಟ್ಟಿತು.

ಗುರುವಾರ ಊರಿಗೆ ಮರಳಿದವರೇ ಶಾರ್ಷೆನ್‌ನನ್ನು ಕರೆಸಿದರು.

"ನಮ್ಮಲ್ಲಿ ಒಟ್ಟು ಎಷ್ಟು ಪರವಾನಗಿ ಇವೆ?"

"ಒಂಬತ್ತು, ಸಾರ್."

"ಒಂಬೈನೂರಾ?"

"ಬರೀ ಒಂಬತ್ತು. ಕಾಡಿಂದ ಸೌದೆ, ಕಸಾಯಿಖಾನೆ, ಕುರಿ ದಾಟಿಸೋದು..."

ಅಕೀಮರು ಕಿಟಕಿಯ ಹತ್ತಿರ ಹೋಗಿ ನಿಂತರು.

"ಮುಂದಿನ ಶುಕ್ರವಾರ ರಾಜಧಾನಿಯಿಂದ ಆಯೋಗ ಬರತ್ತೆ. ಅರವತ್ತು ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ."

"ಇಲ್ಲದ್ದನ್ನ ಹೇಗೆ ರದ್ದು ಮಾಡೋದು ಸಾರ್?"

"ಅದಕ್ಕೇ ಮೊದಲು ಇರಬೇಕು," ಎಂದರು ಅಕೀಮರು. "ಐವತ್ತೊಂದು ಹೊಸದಾಗಿ ಬರಿ. ಹೊಸದು ಅಂತ ಕಾಣಬಾರದು, ತೊಂಬತ್ತಾರನೇ ಇಸವಿ ಹಾಕು. ಶುಕ್ರವಾರ ಅವರ ಮುಂದೆ ಒಟ್ಟಿಗೆ ಹೊಡೆದು ಹಾಕೋಣ. ಆಗಲ್ಲ ಅಂದ್ರೆ ಈಗಲೇ ಹೇಳು. ಈ ಜಿಲ್ಲೆಯಲ್ಲಿ ರದ್ದಾಗೋ ಮೊದಲನೇ ವಸ್ತು ನೀನೇ ಆಗ್ತೀಯ."

ಶಾರ್ಷೆನ್ ಬೆರಳು ಮಡಿಸಿ ಎಣಿಸಿದ. ಶುಕ್ರವಾರ ಆಯೋಗ, ಆಮೇಲೆ ಒಂದು ದಿನ ಬಿಟ್ಟು ಭಾನುವಾರ ಓಲೆ. "ಆಗತ್ತೆ ಸಾರ್," ಎಂದ.

ಶನಿವಾರ, ಭಾನುವಾರ ಎರಡೂ ದಿನ ಅಡುಗೆಮನೆಯ ಮೇಜಿನ ಮುಂದೆ ಕೂತು ಅವನು ಆರ್ಥಿಕ ನೀತಿ ರೂಪಿಸಿದ. ಮೊದಲ ಹತ್ತು ಸುಲಭವಾಗಿ ಬಂದವು. ಬೀದಿಯಲ್ಲಿ ಚಹಾ ಕಾಯಿಸುವ ಸಮೋವಾರ್ ಹಚ್ಚಲು ಪರವಾನಗಿ. ಸಂತೆಯ ಬೇಲಿಗೆ ಕತ್ತೆ ಕಟ್ಟಲು ಪರವಾನಗಿ. ಇಪ್ಪತ್ತು ದಾಟಿದ ಮೇಲೆ ತಲೆ ಓಡಲಿಲ್ಲ. ಕಿಟಕಿಯಿಂದ ಹೊರಗೆ ಕಂಡದ್ದನ್ನೆಲ್ಲ ಬರೆಯತೊಡಗಿದ. ಪಕ್ಕದ ಮನೆಯ ಬಾತ್ಮಾ ಅಜ್ಜಿ ಚಾವಣಿಯ ಮೇಲೆ ಒಣಮೊಸರಿನ ಉಂಡೆ ಹರವುತ್ತಿದ್ದಳು. ಚಾವಣಿಯ ಮೇಲೆ ಮೊಸರುಂಡೆ ಒಣಗಿಸಲು ಪರವಾನಗಿ ಹುಟ್ಟಿತು. ಯಾರೋ ಕಂಬಳಿ ಬಡಿದರು, ಬೇಲಿಗೆ ಕಂಬಳಿ ಹಾಕಿ ಬಡಿಯಲು ಪರವಾನಗಿ. ಇಬ್ಬರು ಮುದುಕರು ಗೇಟಿನ ಮುಂದಿನ ಬೆಂಚಿನಲ್ಲಿ ಕೂತರು. ಅದಕ್ಕೂ ಒಂದು. ಐವತ್ತೊಂದನೆಯದಕ್ಕೆ ಏನೂ ಹೊಳೆಯದೆ ಹೆಂಡತಿಯ ಮುಖ ನೋಡಿದ. "ನನ್ನ ಮುಖ ಏನ್ ನೋಡ್ತೀರಿ?" ಅಂದಳು ಅವಳು. ಅದನ್ನು ಬರೆಯಲಿಲ್ಲ. ಪಾರಿವಾಳ ಸಾಕಲು ಪರವಾನಗಿ ಎಂದು ಬರೆದು ಮುಗಿಸಿದ.

ಸೋಮವಾರ ಅಕೀಮರು ಸಹಿ ಹಾಕಿದರು. ಇನ್ನು ಶುಕ್ರವಾರದವರೆಗೆ ಕಡತದಲ್ಲಿ ಮಲಗಿಸಿದರೆ ಸಾಕಿತ್ತು. ಆದರೆ ನಡುವೆ ಜಿನಾಯಿದಾ ಪೆತ್ರೋವ್ನಾ ಇದ್ದಳು. ಕಚೇರಿಯ ಬೆರಳಚ್ಚುಗಾರ್ತಿ, ರಷ್ಯನ್ ಹೆಂಗಸು. ಊರಿನ ರಷ್ಯನ್ನರೆಲ್ಲ ಹೊರಟುಹೋದರೂ ಇವಳು, ದಾಖಲೆ ಪುಸ್ತಕವನ್ನು ಯಾರ ಕೈಗೆ ಒಪ್ಪಿಸಲಿ ಎಂದು ಉಳಿದುಕೊಂಡಿದ್ದಳು.

"ಸಂಖ್ಯೆ ಕೊಡಲ್ಲ," ಎಂದಳು.

"ಯಾಕೆ ಜಿನಾಯಿದಾ ಪೆತ್ರೋವ್ನಾ?"

"ಬೋರ್ಡಿನ ಮೇಲೆ ಕೆಲಸದ ಮೂರು ದಿನ ನೇತಾಡದ ಆದೇಶ ಆದೇಶವೇ ಅಲ್ಲ. ಆದೇಶ ಅಲ್ಲದ್ದನ್ನ ರದ್ದು ಮಾಡಕ್ಕೆ ಬರಲ್ಲ."

"ಇಸವಿ ಸುಳ್ಳು ಇದೆಯಲ್ಲ, ಅದು ಪರವಾಗಿಲ್ವಾ?"

"ಇಸವಿ ನೀವು ಬರೆದದ್ದು, ಅದು ನಿಮ್ಮ ಪಾಪ. ನೇತುಹಾಕೋದು ನನ್ನ ಕೆಲಸ."

ಮೂವತ್ತೊಂದು ವರ್ಷದಲ್ಲಿ ಅವಳು ನೇತುಹಾಕದೆ ಒಂದು ಆದೇಶಕ್ಕೂ ಸಂಖ್ಯೆ ಕೊಟ್ಟವಳಲ್ಲ. ಹನ್ನೊಂದು ಗಂಟೆಗೆ ಐವತ್ತೊಂದು ಪರವಾನಗಿಗಳ ಪಟ್ಟಿ ಸಂತೆಯ ಎದುರಿನ ಬೋರ್ಡಿನ ಮೇಲೆ ನೇತಾಡಿತು. ಯಾರು ಓದುತ್ತಾರೆ, ಆ ಬೋರ್ಡನ್ನು ಎಂಟು ವರ್ಷದಿಂದ ಯಾರೂ ಓದಿಲ್ಲ ಎಂದು ಶಾರ್ಷೆನ್ ತನಗೆ ತಾನೇ ಧೈರ್ಯ ಹೇಳಿಕೊಂಡ.

ಮಂಗಳವಾರ ಬೆಳಿಗ್ಗೆ ಅವನ ಮೇಜಿನ ಮುಂದೆ ಬಾತ್ಮಾ ಅಜ್ಜಿ ಕೂತಿದ್ದಳು.

"ಮೊಸರುಂಡೆ ಪರವಾನಗಿ ಕೊಡಪ್ಪ."

"ಅಜ್ಜಿ, ಅದು ನಿಂಗೆ ಬೇಡ. ಶುಕ್ರವಾರ ರದ್ದಾಗತ್ತೆ."

"ಅದಕ್ಕೇ ಮಂಗಳವಾರ ಬಂದಿದ್ದೀನಿ."

"ಅಲ್ಲ ಅಜ್ಜಿ, ಶುಕ್ರವಾರ ಆದ ಮೇಲೆ ಪರವಾನಗಿ ಇಲ್ಲದೇನೇ ಒಣಗಿಸ್ಕೋಬಹುದು."

ಬಾತ್ಮಾ ಅಜ್ಜಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅವನನ್ನು ದಿಟ್ಟಿಸಿದಳು. "ಸಾಮೂಹಿಕ ಬೇಸಾಯ ಮುರಿದಾಗಲೂ ನಿಮ್ಮ ಕಚೇರಿಯವರು ಹೀಗೇ ಹೇಳಿದ್ರು. ಕಾಗದ ಬೇಡ ಅಜ್ಜಿ, ಇನ್ನು ಎಲ್ಲಾ ನಿಮ್ಮದೇ ಅಜ್ಜಿ ಅಂತ. ಕಾಗದ ಇಟ್ಕೊಂಡಿದ್ದವನಿಗೆ ಹೊಲ ಸಿಕ್ತು. ನಂಬಿ ಮನೇಲಿ ಕೂತ ನನಗೆ ಧೂಳು ಸಿಕ್ತು. ಕೊಡ್ತೀಯೋ, ಇಲ್ಲೇ ಮಲಗಲೋ?"

ಆಗ ಹಾಗೆ ಹೇಳಿದವರಲ್ಲಿ ಶಾರ್ಷೆನ್ ಕೂಡ ಒಬ್ಬ. ಅವನಿಗೆ ನಾಚಿಕೆಯಾಯಿತು. ಒಂದು ಚೀಟಿ ಬರೆದು, ಮೊಹರು ಒತ್ತಿ ಕೊಟ್ಟ. ಅಜ್ಜಿ ಹೊರಗೆ ಹೋಗಿ ಅದನ್ನು ಸಂತೆಯಲ್ಲಿ ನಾಲ್ಕು ಜನಕ್ಕೆ ತೋರಿಸಿದಳು.

ಮಧ್ಯಾಹ್ನದ ಹೊತ್ತಿಗೆ ಸಾಲು ಮೆಟ್ಟಿಲು ಇಳಿದಿತ್ತು. ಬುಧವಾರ ಅದು ಬೀದಿ ತಿರುಗಿತು. ಪಟ್ಟಿಯಲ್ಲಿದ್ದ ತೊಂಬತ್ತಾರನೇ ಇಸವಿ ಜನರ ಕಣ್ಣಿಗೆ ಬಿದ್ದದ್ದೇ ತಡ, ಊರಿಗೆ ಊರೇ ಕೆರಳಿತು.

"ಮೂರು ವರ್ಷದಿಂದ ಇದೆಯಂತೆ! ನಮ್ಮಿಂದ ಮುಚ್ಚಿಟ್ಟಿದ್ರು!"

"ಒಳಗೊಳಗೇ ತಮ್ಮವರಿಗೆ ಮಾತ್ರ ಕೊಡ್ತಾ ಇದ್ರು ಅಂತಾಯ್ತು."

"ಈಗ ನಮಗೆ ಗೊತ್ತಾಯ್ತಲ್ಲ, ಅದಕ್ಕೆ ಶುಕ್ರವಾರ ಬಾಗಿಲು ಹಾಕ್ತಾರೆ."

ಕತ್ತೆ ಇಲ್ಲದವರು ಕತ್ತೆ ಕಟ್ಟುವ ಪರವಾನಗಿ ಕೇಳಿದರು. ಕತ್ತೆ ಎಲ್ಲಪ್ಪ ಎಂದು ಶಾರ್ಷೆನ್ ಕೇಳಿದರೆ, "ಮೊದಲು ಕಾಗದ ಆಗಲಿ, ಕತ್ತೆ ಎಲ್ಲಿ ಹೋಗತ್ತೆ" ಎಂದರು. ಸಾಲಿನ ತುದಿಯಲ್ಲಿದ್ದವರಿಗೆ ಒಳಗೆ ಏನು ಕೊಡುತ್ತಿದ್ದಾರೆಂಬುದೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ನಿಲ್ಲುವುದು ಆ ಊರಿನವರಿಗೆ ಹೊಸದೇನಲ್ಲ. ಮುಂದಿನವರ ಬೆನ್ನು ಕಂಡರೆ ಸಾಕು, ಹಿಂದೆ ಹೋಗಿ ನಿಂತು, "ನಿಮ್ಮ ನಂತರ ನಾನು" ಎಂದು ಹೇಳಿಬಿಡುತ್ತಿದ್ದರು. ಅರ್ಜಿ ನಮೂನೆ ಮುಗಿಯಿತು. ಶಾರ್ಷೆನ್ ಹಾಲಿನ ಡೇರಿಯ ಹಳೆಯ ಪಟ್ಟಿಗಳ ಬೆನ್ನಿಗೆ ಬರೆದುಕೊಟ್ಟ. ಇದುವರೆಗೆ ಸುಳ್ಳು ಒಂದು ಹಾಳೆಯ ಮೇಲೆ ಇತ್ತು, ಈಗ ನಾನೂರು ಮನೆಗಳಲ್ಲಿತ್ತು, ಎಲ್ಲದರ ಕೆಳಗೂ ಅವನ ಸಹಿ.

ಗುರುವಾರ ಆದೇಶ ಜಾರಿಗೆ ಬಂತು. ಹತ್ತು ಗಂಟೆಗೆ ಪಕ್ಕದ ಮನೆಯವನೊಬ್ಬ ಓಡಿ ಬಂದು, "ಶಾರ್ಷೆನಣ್ಣ, ನಿಮ್ಮ ಹೆಂಡತೀನ ಪೊಲೀಸರು ಹಿಡಿದಿದ್ದಾರೆ!" ಎಂದ.

ಅವನು ಮನೆಗೆ ಓಡಿದ. ಬೀಗರು ಬರುತ್ತಾರೆಂದು ಕಾಲಿಚಾ ಮನೆಯ ಕಂಬಳಿಗಳನ್ನೆಲ್ಲ ಬೇಲಿಗೆ ಹಾಕಿ ಬಡಿಯುತ್ತಿದ್ದಳು. ಹವಾಲ್ದಾರ ಬೋಲೋತ್ ಎದುರಿಗೆ ನಿಂತಿದ್ದ. ಎಂಟು ವರ್ಷದಿಂದ ಯಾವ ಕಾನೂನು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ತಿಳಿಯದೆ ಒದ್ದಾಡುತ್ತಿದ್ದ ಮನುಷ್ಯ ಅವನು. ಐವತ್ತೊಂದು ಸ್ಪಷ್ಟವಾದ ಸಾಲುಗಳನ್ನು ಕಂಡು ಅವನಿಗೆ ಜೀವ ಬಂದಂತಾಗಿತ್ತು.

"ಕಂಬಳಿ ಪರವಾನಗಿ ತೋರಿಸಿ ಅಕ್ಕ."

"ಆ ಪರವಾನಗಿ ಮಾಡಿದ್ದೇ ನನ್ನ ಗಂಡ ಕಣೋ!"

"ಹಾಗಾದ್ರೆ ಮನೇಲೇ ಇರತ್ತೆ. ತಗೊಂಡ್ಬನ್ನಿ."

"ಬೋಲೋತ್, ಬಿಡಪ್ಪ, ನಾನೇ ಹೇಳ್ತಾ ಇದ್ದೀನಲ್ಲ," ಎಂದ ಶಾರ್ಷೆನ್.

"ಅಣ್ಣ, ನಿಮಗೆ ಒಂದು, ಜನಕ್ಕೆ ಒಂದು ಅಂತ ಮಾಡಿದ್ರೆ ಆ ಹಳೇ ಕಾಲ ಮತ್ತೆ ಬರತ್ತೆ. ಕಂಬಳಿ ಇಳಿಸಿ, ಇಲ್ಲ ಕಾಗದ ತನ್ನಿ."

ಶಾರ್ಷೆನ್ ಕಚೇರಿಗೆ ಮರಳಿದ. ಒಳಗೆ ನುಗ್ಗಲು ಹೋದರೆ ಸಾಲಿನವರು ಬಿಡಲಿಲ್ಲ. "ನಾನು ಬರೆದುಕೊಡೋನು ಕಣ್ರಯ್ಯ!" ಎಂದ. "ಬರೆದುಕೊಡೋನಾಗಿ ಹೋಗೋದಾದ್ರೆ ಹೋಗು," ಎಂದಳು ಮುಂದೆ ನಿಂತಿದ್ದ ಹೆಂಗಸು. "ತಗೊಳ್ಳೋನಾಗಿ ಬಂದಿದ್ರೆ ಹಿಂದೆ ನಿಲ್ಲು. ಕಂಬಳಿ ವಿಷಯ ನಮಗೆ ಆಗಲೇ ತಿಳಿದಿದೆ." ಅವನು ಒಳಗೆ ಹೋಗಿ ಸಂಜೆಯವರೆಗೆ ಊರಿಗೆಲ್ಲ ಬರೆದುಕೊಟ್ಟ, ತನಗೆ ಬರೆದುಕೊಳ್ಳಲಾಗಲಿಲ್ಲ. ಕಾಲಿಚಾ ಕಂಬಳಿಗಳನ್ನು ಮನೆಯೊಳಗೇ ಬಡಿದಳು. ಧೂಳೆಲ್ಲ ಹೊಸ ಪರದೆಗೆ ಕೂತಿತು.

ಶುಕ್ರವಾರ ಆಯೋಗ ಬಂತು. ಆಯೋಗ ಎಂದರೆ ಒಬ್ಬಳೇ ಹೆಂಗಸು. ಚೋಲ್ಪಾನ್ ಅಂತ, ಮೂವತ್ತರ ಆಸುಪಾಸು, ಹೊರದೇಶದಲ್ಲಿ ಓದಿ ಬಂದವಳು, ಕೈಯಲ್ಲಿ ದಪ್ಪ ಟಿಪ್ಪಣಿ ಪುಸ್ತಕ. ಊರಿನ ಸಾಂಸ್ಕೃತಿಕ ಭವನ ಕಿಕ್ಕಿರಿದಿತ್ತು. ಜನ ಕಾಗದಗಳನ್ನು ಎದೆಗೆ ಅವುಚಿಕೊಂಡು ಕೂತಿದ್ದರು. ಅಕೀಮರು ವೇದಿಕೆಯ ಮೇಲೆ ಎದ್ದು, "ಜನರ ಬೆನ್ನ ಮೇಲಿನ ಅರವತ್ತು ಹೊರೆಗಳನ್ನು ಇಂದು ಇಳಿಸುತ್ತಿದ್ದೇವೆ" ಎಂದರು. ಚಪ್ಪಾಳೆಗೆ ಕಾದರು.

"ಇಳಿಸಿ ನೋಡು!" ಎಂದು ಬಾತ್ಮಾ ಅಜ್ಜಿ ಕೂಗಿದಳು.

ಆಮೇಲೆ ಯಾರು ಏನು ಕೂಗಿದರೆಂದು ಕೇಳಿಸಲಿಲ್ಲ. ನಾನೂರು ಕೈಗಳಲ್ಲಿ ನಾನೂರು ಚೀಟಿಗಳು ಎದ್ದವು. ಚೋಲ್ಪಾನ್ ಹತ್ತಿರದ ಮುದುಕನಿಂದ ಒಂದನ್ನು ಇಸಿದುಕೊಂಡು ಓದಿದಳು. ಗೇಟಿನ ಮುಂದಿನ ಬೆಂಚಿನಲ್ಲಿ ಕೂರಲು ಪರವಾನಗಿ. ಅವಳು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದಳು. ಮೂಲ ಆದೇಶ ಬೇಕೆಂದಳು. ಜಿನಾಯಿದಾ ಪೆತ್ರೋವ್ನಾ ಹೆಮ್ಮೆಯಿಂದ ತಂದು ಮುಂದಿಟ್ಟಳು.

ಜನ ಚೀಟಿಗಳನ್ನು ಇಳಿಸಿ ಮತ್ತೆ ಕೂತರು. ಶಾರ್ಷೆನ್ ವೇದಿಕೆಯ ಮೂಲೆಯಲ್ಲಿ ನಿಂತು ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿಯುವುದನ್ನೇ ನೋಡುತ್ತಿದ್ದ. ಬೆರಳು ಸಹಿಯ ಹತ್ತಿರ ನಿಂತಿತು.

"ಅಕೀಮರೇ, ಈ ಆದೇಶ ತೊಂಬತ್ತಾರರದ್ದು. ನೀವು ಅಧಿಕಾರಕ್ಕೆ ಬಂದದ್ದು ಯಾವಾಗ?"

"ತೊಂಬತ್ತೆಂಟರಲ್ಲಿ," ಎಂದರು ಅಕೀಮರು, ಎದೆಯುಬ್ಬಿಸಿ. ಹೇಳಿದ ಮೇಲೆ ಅವರ ಎದೆ ನಿಧಾನವಾಗಿ ಇಳಿಯಿತು. "ಇದೆಲ್ಲ ಶಾರ್ಷೆನ್ ನೋಡ್ಕೊಳ್ಳೋದು," ಎಂದು ಸೇರಿಸಿದರು.

ಇಡೀ ಭವನ ಶಾರ್ಷೆನ್ ಕಡೆ ತಿರುಗಿತು. ಇನ್ನೊಂದು ಸುಳ್ಳು ಹೇಳಬಹುದಿತ್ತು, ಆದರೆ ಐವತ್ತೊಂದು ಆದಮೇಲೆ ಅವನಲ್ಲಿ ಸರಕು ಮುಗಿದಿತ್ತು.

"ಇವೆಲ್ಲ ಸುಳ್ಳು," ಎಂದ. "ಹೋದ ಶನಿವಾರ ನಮ್ಮನೆ ಅಡುಗೆಮನೇಲಿ ಕೂತು ನಾನೇ ಬರೆದದ್ದು. ಇಂಥ ಪರವಾನಗಿ ಯಾವತ್ತೂ ಇರಲಿಲ್ಲ. ಯಾರಿಗೂ ಬೇಕಿಲ್ಲ. ದಯವಿಟ್ಟು ಮನೆಗೆ ಹೋಗಿ."

"ಹೆದರಿಸಿದ್ದಾರೆ ಕಣ್ರೋ ಅವನನ್ನ!" ಎಂದು ಹಿಂದಿನಿಂದ ಒಬ್ಬ ಎದ್ದ.

"ಪಾಪ, ರಾಜಧಾನಿಯವರು ಹೇಳಿಸ್ತಾ ಇದ್ದಾರೆ."

"ಹೆದರಬೇಡ ಮಗಾ!" ಎಂದಳು ಬಾತ್ಮಾ ಅಜ್ಜಿ. "ನಾವಿದ್ದೀವಿ. ನಿಜ ಹೇಳು!"

"ನಿಜಾನೇ ಹೇಳಿದ್ದು ಅಜ್ಜಿ!"

ಹವಾಲ್ದಾರ ಬೋಲೋತ್ ಟೋಪಿ ಕೈಗೆ ತೆಗೆದುಕೊಂಡು ಎದ್ದು ನಿಂತ. "ಸುಳ್ಳು ಹೇಗಾಗತ್ತೆ? ನಿನ್ನೆಯಿಂದ ನಾನು ಜಾರಿ ಮಾಡ್ತಾ ಇದ್ದೀನಲ್ಲ?"

ಚೋಲ್ಪಾನ್ ಶಾರ್ಷೆನ್‌ನ ತೋಳು ಹಿಡಿದು ವೇದಿಕೆಯ ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಅಲ್ಲಿ ಮುರಿದ ಪಿಯಾನೋ ಒಂದಿತ್ತು. ಅವಳು ಅದರ ಸ್ಟೂಲಿನ ಮೇಲೆ ಕೂತಳು. ಶಾರ್ಷೆನ್ ಕೈದಿಯ ಹಾಗೆ ನಿಂತ.

"ಅಡುಗೆಮನೇಲಿ ಬರೆದ್ರಾ ಅಣ್ಣ?"

"ಹೌದು ತಾಯಿ. ಜೈಲಾಗತ್ತಾ? ಆಗೋದಾದ್ರೆ ಸೋಮವಾರ ಆಗಲಿ. ಭಾನುವಾರ ಮಗಳ ಓಲೆ ಶಾಸ್ತ್ರ ಇದೆ."

ಅವಳು ಟಿಪ್ಪಣಿ ಪುಸ್ತಕ ಮುಚ್ಚಿದಳು. "ಹಿಂದಿನ ಜಿಲ್ಲೆಯವರು ಸ್ನಾನದ ಮನೇಲಿ ಕೂತು ಬರೆದಿದ್ರು," ಎಂದಳು. "ಅದರ ಹಿಂದಿನವರು ಎಲ್ಲಿ ಬರೆದ್ರೋ ನಾನು ಕೇಳಲಿಲ್ಲ. ಕೇಳೋಕೆ ಭಯ ಆಯ್ತು. ನಾವು ಹಾಳೆಯಲ್ಲಿ ಸಂಖ್ಯೇನೇ ಹಾಕಿರಲಿಲ್ಲ ಗೊತ್ತಾ? ನಾನೇ ಹಟ ಹಿಡಿದು ತೆಗೆಸಿದ್ದೆ. ಜನರನ್ನ ಕೇಳಿ, ಅಂಕಿ ಕೇಳಬೇಡಿ ಅಂತ. ಅಂಕಿ ತೆಗೆದರೆ ನೀವೇ ಹಾಕ್ಕೊಂಡು ಬಂದ್ರಿ. ಈಗ ಮೇಲಿನವರಿಗೆ ಆ ಅಂಕಿ ಹಿಡಿಸಿಬಿಟ್ಟಿದೆ. ಮುಂದಿನ ವಾರ ಸಭೆಗೆ ಐನೂರು ತಗೊಂಡು ಬಾ ಅಂದಿದ್ದಾರೆ."

ಅವಳು ಅಳುತ್ತಾಳೇನೋ ಎಂದು ಶಾರ್ಷೆನ್ ಗಾಬರಿಯಾದ. ಅವಳಿಗೆ ಅವನ ಮಗಳಿಗಿಂತ ಐದಾರು ವರ್ಷ ಹೆಚ್ಚಿರಬಹುದು ಅಷ್ಟೆ. "ಅರವತ್ತು ಬರ್ಕೋ ತಾಯಿ," ಎಂದ. "ಬರೆದಾಗಿದೆಯಲ್ಲ, ಹಾಳಾಗೋದು ಬೇಡ."

ಅಷ್ಟರಲ್ಲಿ ಅಕೀಮರು ಬಾಗಿಲು ತಳ್ಳಿಕೊಂಡು ಬಂದರು. ಚೋಲ್ಪಾನ್ ಅರವತ್ತೂ ರದ್ದು ಎಂದು ಬರೆದುಕೊಂಡದ್ದನ್ನು ಕಂಡದ್ದೇ ಅವರ ಮುಖಕ್ಕೆ ಬಣ್ಣ ಮರಳಿತು. ಜೊತೆಗೆ ಒಂದು ಯೋಚನೆಯೂ ಬಂತು.

"ಪರವಾನಗೀನೇ ಇಲ್ಲ ಅಂದ ಮೇಲೆ ಪರವಾನಗಿ ಗುಮಾಸ್ತನ ಹುದ್ದೆ ಯಾಕೆ? ಅದೂ ಒಂದು ಹೊರೆ ತಾನೇ?" ಎಂದು ಪೆನ್ನು ತೆಗೆದು ಪಟ್ಟಿಯ ಕೆಳಗೆ ಬರೆದರು. "ಅರವತ್ತೊಂದು! ಗುರಿ ಮೀರಿದೆವು ಶಾರ್ಷೆನ್!" ಎಂದು ಅವನನ್ನು ಬಾಚಿ ತಬ್ಬಿಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ರದ್ದತಿಯ ಆದೇಶವನ್ನು ಜಿನಾಯಿದಾ ಪೆತ್ರೋವ್ನಾ ಅರ್ಧ ಗಂಟೆಯಲ್ಲಿ ಟೈಪ್ ಮಾಡಿ ಬೋರ್ಡಿಗೆ ಹಾಕಿದಳು. ಇದೂ ಕೆಲಸದ ಮೂರು ದಿನ ನೇತಾಡಬೇಕು, ಆದ್ದರಿಂದ ಬುಧವಾರದಿಂದ ಜಾರಿ, ಅಲ್ಲಿಯವರೆಗೆ ಎಲ್ಲ ಪರವಾನಗಿಯೂ ಚಾಲ್ತಿ ಎಂದು ಸಂತೆಯ ನಡುವೆ ನಿಂತು ಸಾರಿದಳು. ಕೊನೆಯ ಸಾಲು ದಪ್ಪ ಅಕ್ಷರದಲ್ಲಿತ್ತು: ಅರವತ್ತೊಂದು, ಪರವಾನಗಿ ಗುಮಾಸ್ತ ಶಾರ್ಷೆನ್, ರದ್ದು.

"ಬೀಗರಿಗೆ ಏನೂ ಹೇಳ್ಬೇಡಿ," ಎಂದಳು ಕಾಲಿಚಾ, ಶನಿವಾರ ಇಡೀ ದಿನ. "ಬುಧವಾರದವರೆಗೂ ನೀವು ಇದ್ದೀರಲ್ಲ. ಭಾನುವಾರ ಒಂದು ದಾಟಲಿ."

"ಅವರು ಸಂತೆ ದಾರೀಲೇ ಬರಬೇಕು ಕಣೆ."

"ಓದಕ್ಕೆ ಬರಲ್ಲ ಅಂತ ಅಂದ್ಕೊಳ್ಳಿ."

ಓರೋಜ್‌ಗೆ ಓದಲು ಬರುತ್ತಿತ್ತು. ಭಾನುವಾರ ಹನ್ನೊಂದಕ್ಕೆ ಕಾರು ಗೇಟಿನ ಮುಂದೆ ನಿಂತಾಗ ಅವನ ಮುಖ ನೋಡಿಯೇ ಶಾರ್ಷೆನ್‌ಗೆ ತಿಳಿಯಿತು. ಒಳಗೆ ಬಂದು ಅತಿಥಿಗೆ ಮೀಸಲಾದ ಮೇಲಿನ ಜಾಗದಲ್ಲಿ ಕೂತ. ಹೆಂಡತಿ ಓಲೆಯ ಚೀಲವನ್ನು ಮಡಿಲಲ್ಲಿ ಭದ್ರವಾಗಿ ಹಿಡಿದು ಪಕ್ಕದಲ್ಲಿ ಕೂತಳು. ಚಹಾ ಆರಿತು. ಮುಂದಿದ್ದ ರೊಟ್ಟಿಯನ್ನು ಓರೋಜ್ ಮುರಿಯಲಿಲ್ಲ. ಬಂದ ಮನೆಯ ರೊಟ್ಟಿ ಮುಟ್ಟದೆ ಎದ್ದು ಹೋದರೆ ಅದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ. ಬಾಗಿಲ ಸಂದಿಯಲ್ಲಿ ಮೀರಿಮ್‌ಳ ಒಂದು ಕಣ್ಣು ಕಾಣುತ್ತಿತ್ತು.

"ಬೋರ್ಡು ಓದ್ಕೊಂಡು ಬಂದೆ," ಎಂದ ಓರೋಜ್. "ಅರವತ್ತೊಂದನೇದು ನೀವೇ ತಾನೇ?"

"ಗಾಳಿ ಮಾತು..." ಎಂದು ಕಾಲಿಚಾ ಶುರು ಮಾಡಿದಳು.

"ನಾನೇ," ಎಂದ ಶಾರ್ಷೆನ್. ಮಗಳ ಮುಂದೆ ಇನ್ನು ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ. "ಬುಧವಾರದಿಂದ ನನಗೆ ಕುರ್ಚಿ ಇಲ್ಲ. ಅವತ್ತು ಕುರಿ ಅಂತ ಏನೇನೋ ಬಡಾಯಿ ಕೊಚ್ಚಿಕೊಂಡೆ ಬೀಗರೇ. ನಾನು ಚೀಟಿ ಬರೆಯೋ ಗುಮಾಸ್ತ, ಅಷ್ಟೆ. ಹುಡುಗಿ ಮಾತ್ರ ಚಿನ್ನ. ನನ್ನ ಬಾಯಿಗೆ ಅವಳನ್ನ ಶಿಕ್ಷೆ ಮಾಡಬೇಡಿ."

ಓರೋಜ್ ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಹುಡುಗಿ ಬಗ್ಗೆ ಒಂದು ಮಾತೂ ಇಲ್ಲ," ಎಂದ. "ಆದರೆ ಯೋಚನೆ ಮಾಡಬೇಕಾಗತ್ತೆ. ನಮ್ಮ ಕಡೆ ಜನ ಕೇಳ್ತಾರೆ." ಟೋಪಿ ತೆಗೆದುಕೊಂಡು ಎದ್ದ. ಹೆಂಡತಿಯೂ ಚೀಲದೊಂದಿಗೆ ಎದ್ದಳು. ಕಾಲಿಚಾ ಸೆರಗಿನಂತೆ ಶಾಲನ್ನು ಬಾಯಿಗೆ ಒತ್ತಿಕೊಂಡಳು. ಯಾರೂ ಯಾರನ್ನೂ ತಡೆಯಲಿಲ್ಲ.

ಓರೋಜ್ ಗೇಟು ತೆಗೆದ. ಹೊರಗೆ ಕಾಲಿಡಲು ಜಾಗವಿರಲಿಲ್ಲ.

ಗೇಟಿನಿಂದ ಹಿಡಿದು ಬಾವಿಯ ತನಕ, ಅಲ್ಲಿಂದ ತಿರುಗಿ ಮಸೀದಿಯ ಗೋಡೆಯ ತನಕ ಜನ ಸಾಲು ನಿಂತಿದ್ದರು. ಬುಧವಾರದವರೆಗೆ ಚಾಲ್ತಿ ಎಂದು ಕೇಳಿದವರು, ಭಾನುವಾರ ಕಚೇರಿ ಮುಚ್ಚಿದ್ದರೆ ಬರೆಯುವವನ ಮನೆ ತೆರೆದಿದೆಯಲ್ಲ ಎಂದು ಬಂದಿದ್ದರು. ಮುಂದೆ ಬಾತ್ಮಾ ಅಜ್ಜಿ ನಿಂತಿದ್ದಳು, ಈ ಸಲ ಪಾರಿವಾಳದ್ದಕ್ಕೆ. ಎರಡನೆಯವಳು ಜಿನಾಯಿದಾ ಪೆತ್ರೋವ್ನಾ, ಕೈಯಲ್ಲಿ ದಾಖಲೆ ಪುಸ್ತಕ ಮತ್ತು ಮೊಹರು. ಸಾಲು ನೋಡಿಕೊಳ್ಳಲು ಬಂದಿದ್ದ ಹವಾಲ್ದಾರ ಬೋಲೋತ್, ಶಾರ್ಷೆನ್ ಕಂಡದ್ದೇ ಕಾಲು ಜೋಡಿಸಿ ನಿಂತ.

"ಇದೇನಿದು?" ಎಂದ ಓರೋಜ್.

"ಬೀಗರೇ, ದಾರಿ ಮಾಡಿಸ್ತೀನಿ, ತಾಳಿ," ಎಂದ ಶಾರ್ಷೆನ್ ದಣಿದ ದನಿಯಲ್ಲಿ. "ಎಲ್ಲಾ ರದ್ದಾಗಿದೆ ಕಣ್ರಯ್ಯ! ನಾನೇ ರದ್ದಾಗಿದ್ದೀನಿ! ಮನೆಗೆ ಹೋಗಿ!"

ಸಾಲು ಇನ್ನೊಂದು ಹೆಜ್ಜೆ ಮುಂದೆ ಬಂತು.

ಓರೋಜ್ ಆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. "ನಮ್ಮ ಜಿಲ್ಲೆಯಲ್ಲಿ ಕಚೇರಿಗೆ ಬೀಗ ಬಿದ್ದು ಒಂದೂವರೆ ವರ್ಷ ಆಯ್ತು," ಎಂದ ಮೆಲ್ಲಗೆ. "ಒಂದು ಕಾಗದ ಬೇಕು ಅಂದ್ರೆ ಯಾರ ಮುಂದೆ ನಿಲ್ಲಬೇಕು ಅಂತಾನೇ ಗೊತ್ತಿಲ್ಲ." ಟೋಪಿ ಹಾಕಿಕೊಂಡು ನೇರವಾಗಿ ನಡೆದ. ಕಾರಿನ ಕಡೆ ಹೋಗುತ್ತಾನೆಂದು ಶಾರ್ಷೆನ್ ಕಣ್ಣು ಮುಚ್ಚಿಕೊಂಡ. ಬಿಟ್ಟಾಗ ಓರೋಜ್ ಬಾತ್ಮಾ ಅಜ್ಜಿಯ ಪಕ್ಕದಲ್ಲಿ ನಿಂತು, ಇಲ್ಲಿ ಏನು ಕೊಡುತ್ತಾರೆ ಎಂದು ವಿಚಾರಿಸುತ್ತಿದ್ದ.

"ಏನ್ ಕೊಡ್ತಾರೋ, ನಿಂಗಿಲ್ಲ," ಎಂದಳು ಅಜ್ಜಿ. "ಇದು ಈ ಜಿಲ್ಲೆಯವರಿಗೆ ಮಾತ್ರ. ನೀನ್ಯಾರು?"

"ನಾನು ಅವರ ಬೀಗ."

"ಬೀಗನಾ? ಹುಡುಗಿಗೆ ಓಲೆ ಹಾಕಿದ್ದೀಯಾ?"

"ಇನ್ನೂ ಇಲ್ಲ."

"ಹಾಗಾದ್ರೆ ನೀನು ಯಾರೂ ಅಲ್ಲ," ಎಂದಳು ಅಜ್ಜಿ. ಸಾಲು ಹೌದೆಂದು ಗೊಣಗಿತು. ಓರೋಜ್ ನಿಂತಲ್ಲೇ ಚಡಪಡಿಸಿದ. ಅಜ್ಜಿ ಕೋಲಿನಿಂದ ತನ್ನ ಹಿಂದೆ ನೆಲದ ಮೇಲೆ ಒಂದು ಗೆರೆ ಎಳೆದಳು. "ಹೋಗಿ ಹಾಕಿ ಬಾ. ಅಲ್ಲೀವರೆಗೂ ನಿನ್ನ ಜಾಗ ಹಿಡಿದಿರ್ತೀನಿ. ಬೇಗ ಬಾ, ತುಂಬಾ ಹೊತ್ತು ಹಿಡಿಯಕ್ಕಾಗಲ್ಲ."

ಓರೋಜ್ ಗೇಟಿನೊಳಗೆ ಓಡಿದ. "ಏಯ್, ಚೀಲ ಬಿಚ್ಚೇ!" ಎಂದು ಹೆಂಡತಿಗೆ ಕೂಗಿದ್ದು ಬೀದಿಯವರೆಗೆ ಕೇಳಿಸಿತು. ಒಳಗೆ ಹೋಗುವಾಗ ತಾನು ಮುಟ್ಟದೆ ಬಿಟ್ಟಿದ್ದ ರೊಟ್ಟಿಯ ಒಂದು ತುಂಡನ್ನು ಮುರಿದು ಬಾಯಿಗೆ ಹಾಕಿಕೊಂಡ.